ಅಪ್‌ಡೇಟ್ ಒತ್ತಬೇಕೇ, ಬೇಡವೇ? ಮೊದಲು ಅದು ಯಾವ ಬಗೆಯದ್ದೆಂದು ನೋಡಿ

2024ರ ಜುಲೈ 19, ಶುಕ್ರವಾರ. ಹೆಬ್ಬಾಳದ ಫ್ಲೈಓವರ್ ಹತ್ತಿ, ಯಲಹಂಕ ದಾಟಿ, ಟ್ರಾಫಿಕ್ ಲೆಕ್ಕ ಹಾಕಿಕೊಂಡು ಬೇಗನೆ ಮನೆ ಬಿಟ್ಟವರೂ ಅಂದು ಕೆಂಪೇಗೌಡ ವಿಮಾನ ನಿಲ್ದಾಣದ ಸಾಲಿನಲ್ಲಿ ಸಿಕ್ಕಿಕೊಂಡರು. ಬೆಳಗ್ಗೆ 10.40ರ ಹೊತ್ತಿಗೆ ಹಲವು ವಿಮಾನ ಕಂಪನಿಗಳ ಚೆಕ್-ಇನ್ ವ್ಯವಸ್ಥೆ ಕೈಕೊಟ್ಟಿತ್ತು. ಮೊದಲ ಟರ್ಮಿನಲ್‌ನಲ್ಲಿ ಇಂಡಿಗೋ, ಆಕಾಶ ಮತ್ತು ಸ್ಪೈಸ್‌ಜೆಟ್, ಎರಡನೆಯದರಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಪ್ರಯಾಣಿಕರು ಕಾದು ನಿಂತರು. ದೇಶದ ಹಲವು ನಿಲ್ದಾಣಗಳಲ್ಲಿ ಸಿಬ್ಬಂದಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದು ಕೊಟ್ಟರು. ಆ ಚೀಟಿಗಳ ಫೋಟೋ ಅಂದು ಎಲ್ಲರ ಫೋನಿಗೂ ಬಂದಿತ್ತು.

ಫೋಟೋಗಳ ಜೊತೆಗೆ ವದಂತಿಗಳೂ ಬಂದವು. ಇದು ಸೈಬರ್ ದಾಳಿ ಎಂದರು ಕೆಲವರು. ಕಂಪನಿಗೆ ಅಂದೇ ಕೆಲಸಕ್ಕೆ ಸೇರಿದ ಒಬ್ಬಾತ ಗುಂಡಿ ಒತ್ತಿ ಎಲ್ಲ ಹಾಳುಮಾಡಿದ ಎಂಬ ಫೋಟೋ ಹರಿದಾಡಿತು. ಅದು ಬೆಲ್ಜಿಯಂನ ವಿಡಂಬನಕಾರನೊಬ್ಬ ಮಾಡಿದ ತಮಾಷೆ. ನಿಜವಾಗಿ ಆದದ್ದು ದಾಳಿಯಲ್ಲ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ಅಪ್‌ಡೇಟ್‌ನಲ್ಲಿ ದೋಷವಿತ್ತು. ಅದೇ ಹೊತ್ತಿನಲ್ಲಿ ಮೈಕ್ರೋಸಾಫ್ಟ್‌ನ ಕ್ಲೌಡ್ ಸೇವೆಯಲ್ಲೂ ಬೇರೊಂದು ತೊಂದರೆ ಇತ್ತು. ಆದರೆ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತದ್ದು ಆ ಅಪ್‌ಡೇಟ್‌ನಿಂದ.

ಇದನ್ನು ನೋಡಿದ ಅನೇಕರು ‘ಅಪ್‌ಡೇಟ್ ಹಾಕದಿರುವುದೇ ಕ್ಷೇಮ’ ಎಂಬ ತೀರ್ಮಾನಕ್ಕೆ ಬಂದರು. ಆದರೆ ಅದಕ್ಕೂ ಏಳು ವರ್ಷ ಮೊದಲು, 2017ರ ಮೇ ತಿಂಗಳಲ್ಲಿ, ಅಪ್‌ಡೇಟ್ ಹಾಕದಿದ್ದ ಲಕ್ಷಾಂತರ ಕಂಪ್ಯೂಟರ್‌ಗಳು ಒಂದೇ ವಾರಾಂತ್ಯದಲ್ಲಿ ಬಂದ್ ಆಗಿದ್ದವು. ಹಾಗಾದರೆ ಹಾಕಬೇಕೇ, ಬೇಡವೇ?

ಪ್ರಶ್ನೆಯನ್ನು ಹೀಗೆ ಕೇಳುವುದರಲ್ಲೇ ತೊಡಕಿದೆ. ಫೋನಿನ ಪರದೆಯ ಮೇಲೆ ‘ಅಪ್‌ಡೇಟ್’ ಎಂಬ ಒಂದೇ ಪದ ಕಾಣುತ್ತದೆ. ಅದರ ಹಿಂದೆ ಏಳೆಂಟು ಬೇರೆ ಬೇರೆ ಕೆಲಸಗಳಿವೆ. ಕೆಲವನ್ನು ಇವತ್ತೇ ಹಾಕಬೇಕು, ಕೆಲವನ್ನು ಒಂದು ತಿಂಗಳು ಕಾದು ಹಾಕಿದರೂ ನಡೆಯುತ್ತದೆ, ಕೆಲವು ಅಪ್‌ಡೇಟೇ ಅಲ್ಲ, ಮೋಸ. ಯಾವುದು ಯಾವುದೆಂದು ತಿಳಿದರೆ ಅರ್ಧ ಗೊಂದಲ ಮುಗಿಯುತ್ತದೆ.

ಪ್ಯಾಚ್ ಎಂದರೆ ತೇಪೆಯೇ

ಕಂಪ್ಯೂಟರ್ ಜಗತ್ತಿನಲ್ಲಿ ಇಂತಹ ತಿದ್ದುಪಡಿಗಳಿಗೆ ‘ಪ್ಯಾಚ್’ ಎನ್ನುತ್ತಾರೆ. ಈ ಹೆಸರು ಅಲಂಕಾರಕ್ಕೆ ಬಂದದ್ದಲ್ಲ. ಹಿಂದೆ ಪ್ರೋಗ್ರಾಂಗಳನ್ನು ಕಾಗದದ ಪಟ್ಟಿಗಳಲ್ಲಿ ತೂತು ಕೊರೆದು ಬರೆಯುತ್ತಿದ್ದರು. ತಪ್ಪಾದ ಜಾಗದಲ್ಲಿ ತೂತು ಬಿದ್ದರೆ ಅದರ ಮೇಲೆ ಚೂರು ಕಾಗದ ಅಂಟಿಸಿ ಮುಚ್ಚುತ್ತಿದ್ದರು. ಪಂಚರ್ ಅಂಗಡಿಯವರು ಟ್ಯೂಬಿಗೆ ಹಾಕುವ ಪ್ಯಾಚ್‌ನಂತೆಯೇ ಇದು ಅಕ್ಷರಶಃ ತೇಪೆ.

ಒಂದು ಸಂಸ್ಥೆಯಲ್ಲಿ ಎಷ್ಟು ಕಂಪ್ಯೂಟರ್‌ಗಳಿವೆ, ಯಾವುದಕ್ಕೆ ಯಾವ ತೇಪೆ ಬೇಕು, ಯಾವುದನ್ನು ಮೊದಲು ಹಾಕಬೇಕು, ಹಾಕಿದ ಮೇಲೆ ಎಲ್ಲ ಸರಿಯಿದೆಯೇ ಎಂದು ನೋಡಿಕೊಳ್ಳುವ ಕೆಲಸವೇ ಪ್ಯಾಚ್ ನಿರ್ವಹಣೆ. ದೊಡ್ಡ ಕಂಪನಿಗಳಲ್ಲಿ ಇದಕ್ಕೆಂದೇ ತಂಡಗಳಿರುತ್ತವೆ. ನಮ್ಮ ಫೋನಿಗೆ ಮಾತ್ರ ಆ ತಂಡವೂ ನಾವೇ, ಮ್ಯಾನೇಜರೂ ನಾವೇ. ಆದ್ದರಿಂದ ಬಗೆಗಳನ್ನು ಒಂದೊಂದಾಗಿ ನೋಡೋಣ.

1. ಭದ್ರತಾ ತೇಪೆ: ಇದಕ್ಕೆ ಕಾಯಬೇಡಿ

ತಂತ್ರಾಂಶದಲ್ಲಿ ಕಳ್ಳರು ನುಗ್ಗಬಹುದಾದ ಬಿರುಕು ಪತ್ತೆಯಾದಾಗ ಅದನ್ನು ಮುಚ್ಚಲು ಬರುವುದು ಭದ್ರತಾ ತೇಪೆ. ಇದನ್ನು ಹಾಕಿದ ಮೇಲೆ ಕಣ್ಣಿಗೆ ಯಾವ ಬದಲಾವಣೆಯೂ ಕಾಣುವುದಿಲ್ಲ. ಹಾಗಾಗಿಯೇ ಜನರಿಗೆ ಇದರ ಬೆಲೆ ತಿಳಿಯುವುದಿಲ್ಲ.

2017ರ ಮೂರು ದಿನಾಂಕಗಳನ್ನು ನೋಡಿ. ಮಾರ್ಚ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್‌ನ ಒಂದು ಗಂಭೀರ ಬಿರುಕಿಗೆ ತೇಪೆ ಬಿಡುಗಡೆ ಮಾಡಿತು. ಏಪ್ರಿಲ್ 14ರಂದು ಅದೇ ಬಿರುಕಿನ ಮೂಲಕ ನುಗ್ಗುವ ಸಾಧನವೊಂದನ್ನು ಅನಾಮಧೇಯ ಗುಂಪೊಂದು ಅಂತರ್ಜಾಲದಲ್ಲಿ ಹರಿಯಬಿಟ್ಟಿತು. ಮೇ 12ರಂದು ‘ವಾನಾಕ್ರೈ’ ಎಂಬ ಸುಲಿಗೆ ತಂತ್ರಾಂಶ ಆ ಸಾಧನ ಬಳಸಿ ಹರಡಿತು. ಕಡತಗಳಿಗೆ ಬೀಗ ಹಾಕಿ, ಬೀಗ ತೆಗೆಯಲು ಹಣ ಕೇಳಿತು. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳು ಸಿಲುಕಿದವು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸುಮಾರು 19,000 ರೋಗಿಗಳ ಭೇಟಿಗಳು ರದ್ದಾದವೆಂದು ಆಮೇಲೆ ಅಂದಾಜು ಮಾಡಲಾಯಿತು. ನಮ್ಮ ಪಕ್ಕದಲ್ಲೂ ಬಿಸಿ ತಟ್ಟಿತು. ಮೈಸೂರು, ಕೊಡಗಿನ ಗಡಿಗೆ ಅಂಟಿಕೊಂಡ ವಯನಾಡಿನ ಒಂದು ಗ್ರಾಮ ಪಂಚಾಯಿತಿ ಕಚೇರಿ, ಆಂಧ್ರದ ಕೆಲವು ಪೊಲೀಸ್ ಕಂಪ್ಯೂಟರ್‌ಗಳು, ತಿರುಪತಿ ತಿರುಮಲ ದೇವಸ್ಥಾನದ ಕಚೇರಿಯ ಕೆಲವು ಕಂಪ್ಯೂಟರ್‌ಗಳು ತೊಂದರೆಗೆ ಸಿಲುಕಿದವು.

ತೇಪೆ ಬಂದು 59 ದಿನ ಕಳೆದಿತ್ತು. ಹಾಕಿಕೊಂಡಿದ್ದವರ ವಿಂಡೋಸ್‌ಗೆ ಆ ಬಿರುಕಿನಿಂದ ವಾನಾಕ್ರೈ ನುಗ್ಗಲಾಗಲಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ತೇಪೆ ಬಿಡುಗಡೆಯಾದ ಕೂಡಲೇ ಅಪಾಯ ಕಡಿಮೆಯಾಗುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಹಾಕಿಕೊಳ್ಳದವರಿಗೆ ಅದು ಹೆಚ್ಚಾಗುತ್ತದೆ. ಹಳೆಯ ತಂತ್ರಾಂಶವನ್ನೂ ತೇಪೆ ಹಾಕಿದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಬಿರುಕು ಎಲ್ಲಿತ್ತು ಎಂಬುದು ಜಾಣ ಕಳ್ಳರಿಗೆ ಗೊತ್ತಾಗುತ್ತದೆ. ಬೀದಿಯವರೆಲ್ಲ ಒಂದೇ ಕಂಪನಿಯ ಬೀಗ ಬದಲಿಸುತ್ತಿದ್ದರೆ, ಬದಲಿಸದ ಮನೆ ಯಾವುದೆಂದು ಕಳ್ಳ ಹುಡುಕುತ್ತಾನೆ.

ಇದು ಕಂಪ್ಯೂಟರ್‌ಗೆ ಮಾತ್ರ ಸೀಮಿತವಲ್ಲ. 2019ರ ಮೇ ತಿಂಗಳಲ್ಲಿ ವಾಟ್ಸಾಪ್‌ನ ಕರೆ ಸೌಲಭ್ಯದಲ್ಲೇ ಒಂದು ಬಿರುಕು ಪತ್ತೆಯಾಯಿತು. ವಾಟ್ಸಾಪ್ ಕರೆ ಬಂದರೆ ಸಾಕು, ನೀವು ಎತ್ತದಿದ್ದರೂ ಫೋನಿನೊಳಗೆ ಬೇಹುಗಾರಿಕೆ ತಂತ್ರಾಂಶ ಇಳಿಯಬಹುದಿತ್ತು. ಸುಮಾರು 1,400 ಜನರನ್ನು ಹೀಗೆ ಗುರಿ ಮಾಡಲಾಗಿತ್ತು. ಅವರಲ್ಲಿ ಭಾರತದ ಪತ್ರಕರ್ತರೂ ಮಾನವ ಹಕ್ಕು ಕಾರ್ಯಕರ್ತರೂ ಇದ್ದರು. ಪರಿಹಾರವಾಗಿ ಬಂದದ್ದು ವಾಟ್ಸಾಪ್‌ನ ಒಂದು ಸಾಮಾನ್ಯ ಅಪ್‌ಡೇಟ್.

2. ದೋಷ ನಿವಾರಣೆ: ಒಂದು ಅಕ್ಷರದ ಕಥೆ

ಎಲ್ಲ ದೋಷಗಳಿಂದಲೂ ಕಳ್ಳತನವಾಗುವುದಿಲ್ಲ. ಕೆಲವು ಬರೀ ಕಿರಿಕಿರಿ. ಕ್ಯಾಮೆರಾ ತೆರೆದರೆ ಆ್ಯಪ್ ಮುಚ್ಚಿಕೊಳ್ಳುವುದು, ಬ್ಲೂಟೂತ್ ಕಡಿದುಹೋಗುವುದು, ಬ್ಯಾಟರಿ ಬೇಗ ಇಳಿಯುವುದು. ಇವನ್ನು ಸರಿಪಡಿಸಲು ಬರುವುದು ದೋಷ ನಿವಾರಣೆಯ ಅಪ್‌ಡೇಟ್.

2018ರ ಫೆಬ್ರುವರಿಯಲ್ಲಿ ನಡೆದದ್ದು ನೆನಪಿರಬಹುದು. ‘ಜ್ಞಾ’ ಎಂದು ಓದುವ ತೆಲುಗಿನ ಒಂದು ಒತ್ತಕ್ಷರ ಮೆಸೇಜಿನಲ್ಲಿ ಬಂದರೆ ಐಫೋನಿನ ಆ್ಯಪ್‌ಗಳು ಮುಚ್ಚಿಕೊಳ್ಳುತ್ತಿದ್ದವು. ಭಾರತೀಯ ಲಿಪಿಗಳ ಒತ್ತಕ್ಷರಗಳನ್ನು ಪರದೆಯ ಮೇಲೆ ಜೋಡಿಸುವ ಭಾಗದಲ್ಲಿ ತಪ್ಪಿತ್ತು. ತಮಾಷೆಗೆಂದು ಆ ಅಕ್ಷರವನ್ನು ಫಾರ್ವರ್ಡ್ ಮಾಡಿದವರೂ ಇದ್ದರು. ಫೆಬ್ರುವರಿ 19ರಂದು ಆಪಲ್ ಐಒಎಸ್ 11.2.6 ಎಂಬ ಪುಟ್ಟ ಅಪ್‌ಡೇಟ್ ಬಿಡುಗಡೆ ಮಾಡಿ ಇದನ್ನು ಸರಿಪಡಿಸಿತು.

ಆ ಸಂಖ್ಯೆಯಲ್ಲೇ ಒಂದು ಸುಳಿವಿದೆ. ಸಾಮಾನ್ಯವಾಗಿ ಮೊದಲ ಅಂಕಿ ಬದಲಾದರೆ ದೊಡ್ಡ ಬದಲಾವಣೆ, ಎರಡನೆಯದು ಬದಲಾದರೆ ಹೊಸ ಸೌಲಭ್ಯ, ಕೊನೆಯದು ಮಾತ್ರ ಬದಲಾದರೆ ತೇಪೆ. ಎಲ್ಲ ಕಂಪನಿಗಳೂ ಈ ಪದ್ಧತಿ ಪಾಲಿಸುವುದಿಲ್ಲ. ಆದರೂ ಕೊನೆಯ ಅಂಕಿ ಬದಲಾದ ಅಪ್‌ಡೇಟ್ ಸಾಮಾನ್ಯವಾಗಿ ಚಿಕ್ಕದು ಮತ್ತು ಬೇಕಾದದ್ದು.

3. ತುರ್ತು ತೇಪೆ: ವೇಳಾಪಟ್ಟಿಗೆ ಕಾಯದೆ ಬರುವುದು

ಮೈಕ್ರೋಸಾಫ್ಟ್ 2003ರಿಂದ ಪ್ರತಿ ತಿಂಗಳ ಎರಡನೇ ಮಂಗಳವಾರ ತೇಪೆಗಳನ್ನು ಒಟ್ಟಿಗೆ ಬಿಡುಗಡೆ ಮಾಡುತ್ತದೆ. ಅಮೆರಿಕದ ಬೆಳಗ್ಗೆ ಎಂದರೆ ನಮಗೆ ಮಂಗಳವಾರ ರಾತ್ರಿ. ಬುಧವಾರ ಬೆಳಗ್ಗೆ ಆಫೀಸಿನ ಕಂಪ್ಯೂಟರ್ ‘ರೀಸ್ಟಾರ್ಟ್ ಮಾಡಿ’ ಎಂದು ಕೇಳುವುದಕ್ಕೆ ಬಹಳ ಸಲ ಇದೇ ಕಾರಣ. ಆಂಡ್ರಾಯ್ಡ್‌ಗೂ ಗೂಗಲ್ 2015ರ ಆಗಸ್ಟ್‌ನಿಂದ ತಿಂಗಳ ಭದ್ರತಾ ಪ್ರಕಟಣೆ ಹೊರಡಿಸುತ್ತಿದೆ.

ಕೆಲವೊಮ್ಮೆ ಮುಂದಿನ ತಿಂಗಳವರೆಗೆ ಕಾಯುವಂತಿರುವುದಿಲ್ಲ. ವಾನಾಕ್ರೈ ಹರಡಿದಾಗ ಮೈಕ್ರೋಸಾಫ್ಟ್ ತಾನು 2014ರಲ್ಲೇ ಕೈಬಿಟ್ಟಿದ್ದ ವಿಂಡೋಸ್ ಎಕ್ಸ್‌ಪಿಗೂ ತರಾತುರಿಯಲ್ಲಿ ತೇಪೆ ಕೊಟ್ಟಿತು. ಒಂದು ಕಂಪನಿ ತನ್ನ ವೇಳಾಪಟ್ಟಿ ಮುರಿದು ಅಪ್‌ಡೇಟ್ ಕಳಿಸಿದರೆ, ಹೊರಗೆ ಆಗಲೇ ಯಾರೋ ಆ ಬಿರುಕನ್ನು ಬಳಸುತ್ತಿರುವ ಸಾಧ್ಯತೆ ಹೆಚ್ಚು. ಇದನ್ನು ಸಿಕ್ಕ ದಿನವೇ ಹಾಕಿಕೊಳ್ಳಿ.

4. ಹೊಸ ಸೌಲಭ್ಯದ ಅಪ್‌ಡೇಟ್: ಬೈಗುಳ ತಿನ್ನುವುದು ಇದೇ

2025ರ ಆಗಸ್ಟ್‌ನಲ್ಲಿ ಅನೇಕರ ಆಂಡ್ರಾಯ್ಡ್ ಫೋನಿನಲ್ಲಿ ಕರೆ ಮಾಡುವ ಪರದೆ ರಾತ್ರೋರಾತ್ರಿ ಬದಲಾಯಿತು. ಗುಂಡಿಗಳು ದೊಡ್ಡದಾದವು, ಕರೆಗಳ ಪಟ್ಟಿಯ ರೂಪ ಬದಲಾಯಿತು. ಫೋನ್ ಹ್ಯಾಕ್ ಆಗಿದೆ, ಯಾರೋ ಕರೆ ಕೇಳಿಸಿಕೊಳ್ಳುತ್ತಿದ್ದಾರೆ ಎಂಬ ಭಯ ಗುಂಪುಗಳಲ್ಲಿ ಹರಡಿತು. ಆದದ್ದು ಇಷ್ಟೇ. ಹಲವು ಕಂಪನಿಗಳ ಫೋನುಗಳಲ್ಲಿ ಗೂಗಲ್‌ನದೇ ಫೋನ್ ಆ್ಯಪ್ ಇರುತ್ತದೆ. ಗೂಗಲ್ ಅದಕ್ಕೆ ಹೊಸ ವಿನ್ಯಾಸ ಕೊಟ್ಟಿತು. ಪ್ಲೇ ಸ್ಟೋರ್‌ನಲ್ಲಿ ‘ತಾನೇ ಅಪ್‌ಡೇಟ್ ಆಗಲಿ’ ಎಂಬ ಆಯ್ಕೆ ಇದ್ದದ್ದರಿಂದ ಹೇಳದೆ ಕೇಳದೆ ಅದು ಬಂದು ಕುಳಿತಿತು.

ಇದು ಹೊಸ ಸೌಲಭ್ಯದ ಅಪ್‌ಡೇಟ್. ಗೋಡೆಗೆ ಹೊಸ ಬಣ್ಣ ಬಳಿದಂತೆ. ಇಷ್ಟವಾಗಬಹುದು, ಆಗದೆಯೂ ಇರಬಹುದು. ಇದಕ್ಕೆ ಆತುರ ಬೇಕಿಲ್ಲ. ಒಂದೆರಡು ವಾರ ಕಾದು, ಬೇರೆಯವರ ಅನುಭವ ಕೇಳಿ ಹಾಕಿಕೊಂಡರೂ ನಷ್ಟವಿಲ್ಲ.

5. ದೊಡ್ಡ ಆವೃತ್ತಿ ಬದಲಾವಣೆ: ಮನೆಯನ್ನೇ ಬದಲಿಸಿದಂತೆ

ಆಂಡ್ರಾಯ್ಡ್ 14ರಿಂದ 15ಕ್ಕೆ, ವಿಂಡೋಸ್ 10ರಿಂದ 11ಕ್ಕೆ ಹೋಗುವುದು ತೇಪೆಯಲ್ಲ, ಮನೆ ಬದಲಾವಣೆ. ಹಳೆಯ ಸಾಮಾನು ಹೊಸ ಮನೆಯ ಬಾಗಿಲಿನಲ್ಲಿ ತೂರದೆ ಹೋಗಬಹುದು.

ಕನ್ನಡದಲ್ಲಿ ಡಿಟಿಪಿ ಕೆಲಸ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಆರ್‌ಟಿ ನಗರದ್ದಿರಲಿ, ಯಶವಂತಪುರದ್ದಿರಲಿ, ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿಯಲ್ಲಿ ಹಳೆಯ ಪೇಜ್‌ಮೇಕರ್, ಹಳೆಯ ನುಡಿ ಅಥವಾ ಶ್ರೀಲಿಪಿ ಅಕ್ಷರಗಳಲ್ಲಿ ಮಾಡಿಟ್ಟ ವರ್ಷಗಳ ಕಡತಗಳಿರುತ್ತವೆ. ಹೊಸ ವಿಂಡೋಸ್ ಹಾಕಿದರೆ ಅವು ತೆರೆಯದಿದ್ದರೆ? ಹಾಗಾಗಿ ಹಳೆಯದನ್ನೇ ಉಳಿಸಿಕೊಳ್ಳುತ್ತಾರೆ. ಅದನ್ನು ಸೋಮಾರಿತನ ಎನ್ನಲಾಗದು, ಹೊಟ್ಟೆಪಾಡಿನ ಲೆಕ್ಕಾಚಾರ.

ಆದರೆ ಲೆಕ್ಕದ ಇನ್ನೊಂದು ಬದಿಯೂ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಸರು ನೋಂದಾಯಿಸಿಕೊಂಡ ವೈಯಕ್ತಿಕ ಬಳಕೆದಾರರಿಗೆ ಭದ್ರತಾ ತೇಪೆಗಳು ಮತ್ತೊಂದು ವರ್ಷ, 2026ರ ಅಕ್ಟೋಬರ್‌ವರೆಗೆ ಎಂದು ಕಂಪನಿ ಹೇಳಿದೆ. ಬೆಂಬಲ ಮುಗಿದ ಕಂಪ್ಯೂಟರ್ ಓಡುತ್ತದೆ, ಬಿಲ್ಲೂ ಹಾಕುತ್ತದೆ. ಹೊಸ ಬಿರುಕು ಕಂಡರೆ ತೇಪೆ ಬರುವುದಿಲ್ಲ, ಅಷ್ಟೇ. ಹಳೆಯ ಕಡತಗಳಿಗಾಗಿ ಅದನ್ನು ಇಟ್ಟುಕೊಳ್ಳಲೇಬೇಕಿದ್ದರೆ ಇಂಟರ್‌ನೆಟ್‌ನಿಂದ ದೂರ ಇಡಿ. ಬ್ಯಾಂಕ್ ವ್ಯವಹಾರ, ಇಮೇಲ್, ಗಿರಾಕಿಗಳ ಪೆನ್‌ಡ್ರೈವ್ ಎಲ್ಲವೂ ಬೇರೆ ಕಂಪ್ಯೂಟರ್‌ನಲ್ಲಿ ನಡೆಯಲಿ.

6. ಫರ್ಮ್‌ವೇರ್ ಮತ್ತು ಡ್ರೈವರ್: ಯಂತ್ರದ ಒಳಗಿನದ್ದು

ಪ್ರಿಂಟರ್, ವೈ-ಫೈ ರೂಟರ್, ಸಿಸಿಟಿವಿ ಕ್ಯಾಮೆರಾ ಇವುಗಳೊಳಗೂ ತಂತ್ರಾಂಶವಿದೆ. ಯಂತ್ರದ ಒಳಗೇ ಕುಳಿತು ಅದನ್ನು ನಡೆಸುವುದು ಫರ್ಮ್‌ವೇರ್. ಆ ಯಂತ್ರದ ಜೊತೆ ಕಂಪ್ಯೂಟರ್ ಮಾತಾಡಲು ನೆರವಾಗುವುದು ಡ್ರೈವರ್. ಕೇಬಲ್‌ನವರು ಐದು ವರ್ಷದ ಹಿಂದೆ ಗೋಡೆಗೆ ಸಿಕ್ಕಿಸಿ ಹೋದ ರೂಟರನ್ನು ನಾವು ಮತ್ತೆ ಮುಟ್ಟಿರುವುದಿಲ್ಲ. ಮನೆಯ ಎಲ್ಲ ಫೋನುಗಳ ಇಂಟರ್‌ನೆಟ್ ಹಾದುಹೋಗುವುದು ಮಾತ್ರ ಅದರ ಮೂಲಕವೇ. ಇಂತಹ ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋದರೆ ಯಂತ್ರ ಕೆಡಬಹುದು. ಆದ್ದರಿಂದ ಕರೆಂಟ್ ಹೋಗಿ ಬಂದು ಮಾಡುವ ಹೊತ್ತಿನಲ್ಲಿ ಬೇಡ, ಯುಪಿಎಸ್ ಇದ್ದರೆ ಅದರ ಮೇಲಿಟ್ಟು ಮಾಡಿ.

7. ಪಟ್ಟಿಯ ಅಪ್‌ಡೇಟ್: ವಿಮಾನ ನಿಲ್ದಾಣದ ಪಾಠ

ಕೊನೆಯದು ಯಾರ ಕಣ್ಣಿಗೂ ಬೀಳದ ಬಗೆ. ಆಂಟಿವೈರಸ್ ತಂತ್ರಾಂಶಕ್ಕೆ ದಿನಕ್ಕೆ ಹಲವು ಬಾರಿ ಹೊಸ ಮಾಹಿತಿ ಬರುತ್ತದೆ. ಇಂತಿಂತಹ ವೈರಸ್ ಹೀಗೆ ವರ್ತಿಸುತ್ತದೆ, ಕಂಡರೆ ತಡೆ ಎಂಬ ಪಟ್ಟಿ. ಪೊಲೀಸ್ ಠಾಣೆಗೆ ಹೊಸ ಕಳ್ಳರ ಫೋಟೋ ಬಂದ ಹಾಗೆ. ತಂತ್ರಾಂಶ ಬದಲಾಗುವುದಿಲ್ಲ, ಅದು ಓದುವ ಪಟ್ಟಿ ಬದಲಾಗುತ್ತದೆ.

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಳಿಸಿದ್ದು ಇಂತಹದೇ ಒಂದು ಕಡತ. ಭಾರತೀಯ ಕಾಲಮಾನ ಬೆಳಗ್ಗೆ 9.39ಕ್ಕೆ ಅದು ಹೊರಟಿತು. ತಪ್ಪು ತಿಳಿದು 10.57ಕ್ಕೆ ಕಂಪನಿ ಅದನ್ನು ಹಿಂಪಡೆಯಿತು. ಕೇವಲ 78 ನಿಮಿಷ. ಆ ಪಟ್ಟಿಯಲ್ಲಿ 21 ಅಂಕಣಗಳಿರುತ್ತವೆಂದು ಒಂದು ಭಾಗ ನಿರೀಕ್ಷಿಸುತ್ತಿತ್ತು, ಅದರ ಕೈಗೆ ಸಿಗುತ್ತಿದ್ದದ್ದು 20 ಮಾತ್ರ. ಇಲ್ಲದ 21ನೆಯದನ್ನು ಓದಲು ಹೋಗಿ ಅದು ಮುಗ್ಗರಿಸಿತು. ಸಾಮಾನ್ಯ ಆ್ಯಪ್ ಆಗಿದ್ದರೆ ಅದೊಂದೇ ಮುಚ್ಚಿಕೊಳ್ಳುತ್ತಿತ್ತು. ಆದರೆ ಈ ಭದ್ರತಾ ತಂತ್ರಾಂಶ ವಿಂಡೋಸ್‌ನ ಒಳಗರ್ಭದಲ್ಲಿ ಕೆಲಸ ಮಾಡುತ್ತದೆ. ಅದು ಬಿದ್ದಾಗ ಇಡೀ ಕಂಪ್ಯೂಟರ್ ಬಿದ್ದಿತು. ಹಿಂಪಡೆದರೂ ಆಗಲೇ ಬಿದ್ದಿದ್ದ ಕಂಪ್ಯೂಟರ್‌ಗಳು ಏಳಲಿಲ್ಲ. ಬಹಳಷ್ಟು ಕಡೆ ಸಿಬ್ಬಂದಿ ಒಂದೊಂದೇ ಯಂತ್ರದ ಮುಂದೆ ಕುಳಿತು, ಸೇಫ್ ಮೋಡ್‌ನಲ್ಲಿ ತೆರೆದು, ಆ ಕಡತವನ್ನು ಅಳಿಸಬೇಕಾಯಿತು.

ಇಲ್ಲಿರುವ ಮುಖ್ಯ ಪಾಠ ಹೆಚ್ಚಿನ ಫಾರ್ವರ್ಡ್‌ಗಳಲ್ಲಿ ಬರಲಿಲ್ಲ. ಎಚ್ಚರಿಕೆಯ ಕೆಲವು ಕಂಪನಿಗಳು ‘ನಮಗೆ ಹೊಚ್ಚಹೊಸ ಆವೃತ್ತಿ ಬೇಡ, ಒಂದು ಹೆಜ್ಜೆ ಹಿಂದಿನದೇ ಇರಲಿ’ ಎಂದು ಮೊದಲೇ ಆಯ್ಕೆ ಮಾಡಿಕೊಂಡಿದ್ದವು. ಆದರೂ ಅವುಗಳ ಕಂಪ್ಯೂಟರ್‌ಗಳು ಬಿದ್ದವು. ಏಕೆಂದರೆ ಆ ಆಯ್ಕೆ ತಂತ್ರಾಂಶದ ಹೊಸ ಆವೃತ್ತಿಗಳಿಗೆ ಮಾತ್ರ ಅನ್ವಯಿಸುತ್ತಿತ್ತು, ಪಟ್ಟಿಯ ಅಪ್‌ಡೇಟ್‌ಗಳಿಗಲ್ಲ. ಪಟ್ಟಿ ತಾನೇ, ಅದರಿಂದೇನಾದೀತು ಎಂಬ ಉದಾಸೀನ ಎಲ್ಲರಲ್ಲೂ ಇತ್ತು. ಅಪ್‌ಡೇಟ್‌ನ ಬಗೆ ಯಾವುದೆಂದು ಗಮನಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಆ ಬಳಿಕ ಕಂಪನಿ ಪಟ್ಟಿಗಳನ್ನೂ ಹಂತಹಂತವಾಗಿ, ಮೊದಲು ಕೆಲವರಿಗೆ, ಆಮೇಲೆ ಎಲ್ಲರಿಗೂ ಕಳಿಸುವ ಕ್ರಮ ತಂದಿತು.

ಎಲ್ಲವೂ ಒಂದೇ ಪೊಟ್ಟಣದಲ್ಲಿ ಬಂದರೆ?

ಬಗೆಗಳು ಇಷ್ಟು ಸ್ಪಷ್ಟವಾಗಿದ್ದರೆ ಜನ ಏಕೆ ಗೊಂದಲಕ್ಕೆ ಬೀಳುತ್ತಾರೆ? ಏಕೆಂದರೆ ಕಂಪನಿಗಳು ಇವನ್ನು ಬೇರೆ ಬೇರೆಯಾಗಿ ಕೊಡುವುದು ಕಡಿಮೆ. ಬೀಗ ರಿಪೇರಿ ಮತ್ತು ಹೊಸ ಬಣ್ಣ ಎರಡೂ ಒಂದೇ ಪೊಟ್ಟಣದಲ್ಲಿ ಬರುತ್ತವೆ. ಬಣ್ಣ ಇಷ್ಟವಾಗದವರು ಪೊಟ್ಟಣವನ್ನೇ ವಾಪಸ್ ಕಳಿಸುತ್ತಾರೆ, ಬೀಗವೂ ಹೋಗುತ್ತದೆ.

ಕರೆ ಪರದೆ ಬದಲಾದಾಗ ‘ಆ್ಯಪ್‌ನ ಅಪ್‌ಡೇಟ್ ಅನ್‌ಇನ್‌ಸ್ಟಾಲ್ ಮಾಡಿ, ಹಳೆಯದು ಬರುತ್ತದೆ’ ಎಂಬ ಸಲಹೆ ಹರಿದಾಡಿತು. ಹಾಗೆ ಮಾಡಿದರೆ ಹಳೆಯ ರೂಪ ಬರುವುದು ನಿಜ. ಆದರೆ ಫೋನ್ ಕೊಂಡ ದಿನದಿಂದ ಆ ಆ್ಯಪ್‌ಗೆ ಬಂದಿದ್ದ ತೇಪೆಗಳೂ ಜೊತೆಗೇ ಹೋಗುತ್ತವೆ.

ವಿಂಡೋಸ್‌ನ ತಿಂಗಳ ಅಪ್‌ಡೇಟ್‌ಗಳೂ ‘ಕ್ಯುಮ್ಯುಲೇಟಿವ್’, ಎಂದರೆ ಹಿಂದಿನ ತೇಪೆಗಳೆಲ್ಲ ಹೊಸದರಲ್ಲಿ ಸೇರಿರುತ್ತವೆ. ಇದರಿಂದ ಒಂದು ಅನುಕೂಲವಿದೆ. ಆರು ತಿಂಗಳು ಬಿಟ್ಟವರು ಆರು ಅಪ್‌ಡೇಟ್ ಹಾಕಬೇಕಿಲ್ಲ, ಕೊನೆಯದೊಂದು ಸಾಕು. ಅನನುಕೂಲವೂ ಇದೆ. ಅದರಲ್ಲಿ ಒಂದು ಭಾಗ ಬೇಡವೆಂದರೂ ತೆಗೆದಿಡಲು ಆಗುವುದಿಲ್ಲ. ಹೀಗಾಗಿ ಅಪ್‌ಡೇಟ್ ಬಗ್ಗೆ ಜನರ ಅಸಮಾಧಾನಕ್ಕೆ ಜನರ ಅಜ್ಞಾನವೊಂದೇ ಕಾರಣವಲ್ಲ. ಪೊಟ್ಟಣ ಕಟ್ಟುವವರ ಪಾಲೂ ಇದೆ.

ಹರಿದಾಡುವ ಮಾತುಗಳು: ಎಷ್ಟು ನಿಜ?

‘ಅಪ್‌ಡೇಟ್ ಹಾಕಿದರೆ ಫೋನ್ ನಿಧಾನವಾಗುತ್ತದೆ, ಹೊಸದು ಮಾರಲು ಕಂಪನಿಗಳ ಹೂಟ.’ ಇದರಲ್ಲಿ ಒಂದಂಶ ನಿಜವಿದೆ. ಬ್ಯಾಟರಿ ಹಳತಾದ ಕೆಲವು ಐಫೋನ್‌ಗಳ ವೇಗವನ್ನು ಅಪ್‌ಡೇಟ್ ಮೂಲಕ ತಗ್ಗಿಸಿದ್ದಾಗಿ ಆಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಫೋನ್ ಇದ್ದಕ್ಕಿದ್ದಂತೆ ಆಫ್ ಆಗುವುದನ್ನು ತಪ್ಪಿಸಲು ಹಾಗೆ ಮಾಡಿದೆವು ಎಂದಿತು. ಮೊದಲೇ ಸರಿಯಾಗಿ ತಿಳಿಸದೆ ಇದ್ದದ್ದಕ್ಕೆ ಟೀಕೆಯೂ ಬಂತು, ಮೊಕದ್ದಮೆಯೂ ನಡೆಯಿತು. 2018ರಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಆಪಲ್ ಮತ್ತು ಸ್ಯಾಮ್‌ಸಂಗ್ ಎರಡಕ್ಕೂ ಹಳೆಯ ಫೋನ್‌ಗಳನ್ನು ನಿಧಾನಗೊಳಿಸಿದ ಅಪ್‌ಡೇಟ್‌ಗಳಿಗಾಗಿ ದಂಡ ಹಾಕಿತು. ಆದರೆ ಇವು ಕೆಲವು ನಿರ್ದಿಷ್ಟ ಅಪ್‌ಡೇಟ್‌ಗಳಿಗೆ ಸಂಬಂಧಿಸಿದ ದೂರುಗಳು. ತಿಂಗಳ ಭದ್ರತಾ ತೇಪೆಯನ್ನು ಬಿಡಲು ಇದು ಕಾರಣವಾಗಬಾರದು. ಅಪ್‌ಡೇಟ್ ಆದ ಮೊದಲ ಒಂದೆರಡು ದಿನ ಫೋನ್ ಬಿಸಿಯಾಗುವುದು, ಬ್ಯಾಟರಿ ಬೇಗ ಇಳಿಯುವುದು ಸಹಜ. ಒಳಗೆ ಆ್ಯಪ್‌ಗಳನ್ನು ಅದು ಮರುಜೋಡಿಸುತ್ತಿರುತ್ತದೆ.

‘ಕೇಂದ್ರ ಸರ್ಕಾರದ ಎಚ್ಚರಿಕೆ, ಈ ಫೋನ್ ಇದ್ದರೆ ಅಪಾಯ.’ ಇಂತಹ ಸುದ್ದಿಗಳು ಬಹಳಷ್ಟು ಸಲ ಹುಟ್ಟುವುದು ಸರ್ಟ್-ಇನ್ ಎಂಬ ಸರ್ಕಾರಿ ಸಂಸ್ಥೆಯ ಪ್ರಕಟಣೆಗಳಿಂದ. ಆಂಡ್ರಾಯ್ಡ್, ಕ್ರೋಮ್, ವಿಂಡೋಸ್‌ಗಳಲ್ಲಿ ಬಿರುಕು ಸಿಕ್ಕಾಗೆಲ್ಲ ಅದು ಪ್ರಕಟಣೆ ಹೊರಡಿಸುತ್ತದೆ. ಫಾರ್ವರ್ಡ್ ಮಾಡುವವರು ತಲೆಬರಹದಲ್ಲೇ ನಿಲ್ಲುತ್ತಾರೆ. ಪ್ರಕಟಣೆಯ ಕೊನೆಯಲ್ಲಿ ಪರಿಹಾರವೂ ಇರುತ್ತದೆ. ಅದು ಬಹುತೇಕ ಒಂದೇ: ಕಂಪನಿ ಕೊಟ್ಟಿರುವ ಅಪ್‌ಡೇಟ್ ಹಾಕಿಕೊಳ್ಳಿ. ಫೋನ್ ಎಸೆಯಬೇಕಿಲ್ಲ.

‘ಈ ಲಿಂಕ್ ಒತ್ತಿ ಅಪ್‌ಡೇಟ್ ಮಾಡಿಕೊಳ್ಳಿ.’ ಇದು ಪೂರ್ತಿ ಮೋಸ. 2021ರ ಏಪ್ರಿಲ್‌ನಲ್ಲಿ ‘ಗುಲಾಬಿ ಬಣ್ಣದ ವಾಟ್ಸಾಪ್’ ಎಂಬ ಲಿಂಕ್ ಗುಂಪಿನಿಂದ ಗುಂಪಿಗೆ ಹಬ್ಬಿತ್ತು. ಒತ್ತಿದವರ ಫೋನಿಗೆ ಕುತಂತ್ರಾಂಶ ಇಳಿಯುತ್ತಿತ್ತು. ಈಚೆಗೆ ವಾಹನ ದಂಡದ ಚಲನ್, ಬ್ಯಾಂಕ್ ಕೆವೈಸಿ, ಮದುವೆ ಕರೆಯೋಲೆ ಎಂದು ಎಪಿಕೆ ಎಂಬ ಬಾಲವಿರುವ ಕಡತಗಳು ವಾಟ್ಸಾಪ್‌ನಲ್ಲಿ ಬರುತ್ತವೆ. ಅವು ಆ್ಯಪ್‌ಗಳು. ಒಳಗೆ ಸೇರಿದರೆ ನಿಮ್ಮ ಎಸ್‌ಎಂಎಸ್ ಓದಿ ಬ್ಯಾಂಕಿನ ಒಟಿಪಿ ಕದಿಯಬಲ್ಲವು. ನಿಜವಾದ ಅಪ್‌ಡೇಟ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ, ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್‌ನಲ್ಲಿ ಸಿಗುತ್ತದೆ. ಮಾವ, ಅತ್ತೆ, ಸ್ನೇಹಿತರ ಮೂಲಕ ಅದು ಬರುವುದಿಲ್ಲ. ಹಣ ಹೋದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ನಿಮ್ಮ ಫೋನಿನಲ್ಲಿ ಏನು ನೋಡಬೇಕು?

ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ ತೆರೆದು ಭದ್ರತಾ ಅಪ್‌ಡೇಟ್‌ನ ದಿನಾಂಕ ನೋಡಿ. ಅದು ಒಂದೆರಡು ತಿಂಗಳ ಹಿಂದಿನದಾಗಿದ್ದರೆ ಗಾಬರಿ ಬೇಡ. ಗೂಗಲ್ ಮಾಡಿದ ತೇಪೆ ಚಿಪ್ ಮಾಡುವವರನ್ನೂ ಫೋನ್ ಕಂಪನಿಯನ್ನೂ ದಾಟಿ ನಿಮ್ಮನ್ನು ತಲುಪಲು ಸಮಯ ಹಿಡಿಯುತ್ತದೆ. ಒಂದು ವರ್ಷಕ್ಕೂ ಹಿಂದಿನದಾಗಿದ್ದು ಹೊಸದೇನೂ ಸಿಗದಿದ್ದರೆ ನಿಮ್ಮ ಫೋನಿಗೆ ಕಂಪನಿ ಬೆಂಬಲ ನಿಲ್ಲಿಸಿರಬಹುದು. ಆ ಫೋನಿನಲ್ಲಿ ಹಾಡು ಕೇಳಿ, ಯುಪಿಐ ಮತ್ತು ಬ್ಯಾಂಕ್ ಆ್ಯಪ್ ಬೇಡ. ಹೊಸ ಫೋನ್ ಕೊಳ್ಳುವಾಗ ಕ್ಯಾಮೆರಾ, ಬ್ಯಾಟರಿಯ ಜೊತೆ ಎಷ್ಟು ವರ್ಷ ಭದ್ರತಾ ತೇಪೆ ಕೊಡುತ್ತೀರಿ ಎಂದೂ ಕೇಳಿ. ಪಿಕ್ಸೆಲ್ 8, ಗ್ಯಾಲಕ್ಸಿ ಎಸ್24ರಂತಹ ದುಬಾರಿ ಫೋನ್‌ಗಳಿಗೆ ಏಳು ವರ್ಷದ ಭರವಸೆಯಿದೆ. ಅಗ್ಗದ ಫೋನ್‌ಗಳಿಗೆ ಈ ಅವಧಿ ಬಹಳ ಕಡಿಮೆ. ಐಫೋನ್ ಆದರೆ ‘ಜನರಲ್’ ಒಳಗಿನ ‘ಸಾಫ್ಟ್‌ವೇರ್ ಅಪ್‌ಡೇಟ್’ ತೆರೆದು ನೋಡಿ.

ಅಪ್‌ಡೇಟ್ ಮಾಡುವ ಮುನ್ನ ಫೋಟೋ, ಕಾಂಟ್ಯಾಕ್ಟ್‌ಗಳ ಪ್ರತಿ ಬೇರೆಡೆ ಇರಲಿ. ವೈ-ಫೈ ಇರಲಿ, ಬ್ಯಾಟರಿ ಅರ್ಧಕ್ಕಿಂತ ಹೆಚ್ಚಿರಲಿ. ಡೌನ್‌ಲೋಡ್ ಆದ ಅಪ್‌ಡೇಟ್‌ಗಳಲ್ಲಿ ಹಲವು ರೀಸ್ಟಾರ್ಟ್ ಆಗುವವರೆಗೆ ಕೆಲಸಕ್ಕೆ ಬರುವುದಿಲ್ಲ ಎಂಬುದು ನೆನಪಿರಲಿ.

ನಾಲ್ಕೈದು ಕಂಪ್ಯೂಟರ್ ಇರುವ ಅಂಗಡಿ ಅಥವಾ ಕಚೇರಿಯಾದರೆ ದೊಡ್ಡ ಕಂಪನಿಗಳ ಪದ್ಧತಿಯನ್ನೇ ಚಿಕ್ಕದಾಗಿ ಮಾಡಬಹುದು. ಯಾವ ಕಂಪ್ಯೂಟರ್‌ನಲ್ಲಿ ಯಾವ ವಿಂಡೋಸ್ ಇದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅಪ್‌ಡೇಟ್ ಬಂದಾಗ ಮೊದಲು ಅಷ್ಟೇನೂ ಮುಖ್ಯವಲ್ಲದ ಒಂದಕ್ಕೆ ಹಾಕಿ. ಪ್ರಿಂಟರ್ ಓಡುತ್ತದೆಯೇ, ಬಿಲ್ಲಿಂಗ್ ತೆರೆಯುತ್ತದೆಯೇ, ಕನ್ನಡ ಅಕ್ಷರ ಸರಿಯಾಗಿ ಮೂಡುತ್ತದೆಯೇ ನೋಡಿ. ಎರಡು ದಿನ ಸರಿಯಿದ್ದರೆ ಉಳಿದವಕ್ಕೆ ಹಾಕಿ, ಬಿಲ್ ಹಾಕುವ ಕಂಪ್ಯೂಟರ್ ಕೊನೆಗೆ. ಬೇಕಾದರೆ ವಿಂಡೋಸ್ ಅಪ್‌ಡೇಟ್‌ಗಳನ್ನು ಐದು ವಾರದವರೆಗೆ ಮುಂದೂಡಲು ಸೆಟ್ಟಿಂಗ್ಸ್‌ನಲ್ಲೇ ಅವಕಾಶವಿದೆ. ಭದ್ರತಾ ತೇಪೆಗೆ ಮಾತ್ರ ಅಷ್ಟು ದಿನ ತೆಗೆದುಕೊಳ್ಳಬೇಡಿ. ತಿಂಗಳ ಕೊನೆಯ ದಿನ, ಜಿಎಸ್‌ಟಿ ಕಟ್ಟುವ ದಿನ ಯಾವ ಅಪ್‌ಡೇಟೂ ಬೇಡ.

ವಾನಾಕ್ರೈ ದಿನ ಬಿದ್ದವರು ಬಂದ ತೇಪೆಯನ್ನು ಬಿಟ್ಟವರು. ಕ್ರೌಡ್‌ಸ್ಟ್ರೈಕ್ ದಿನ ಬಿದ್ದವರು ಸಾಕಷ್ಟು ಪರೀಕ್ಷೆಯಿಲ್ಲದೆ ಎಲ್ಲರಿಗೂ ಒಮ್ಮೆಗೇ ಬಂದದ್ದನ್ನು ಪಡೆದವರು. ಎರಡೂ ಸಲ ತಪ್ಪಿದ್ದು ಬಗೆ ನೋಡಿ ನಿರ್ಧರಿಸುವ ಹೆಜ್ಜೆ. ಮುಂದಿನ ಸಲ ‘ಅಪ್‌ಡೇಟ್ ಮಾಡಲೇಬೇಡಿ’ ಎಂದೋ ‘ತಕ್ಷಣ ಮಾಡಿ’ ಎಂದೋ ಸಂದೇಶ ಬಂದರೆ, ಮುಂದೆ ಕಳಿಸುವ ಮೊದಲು ಒಂದು ಪ್ರಶ್ನೆ ಕೇಳಿ: ಯಾವ ಬಗೆಯ ಅಪ್‌ಡೇಟ್? ಉತ್ತರ ಆ ಸಂದೇಶದಲ್ಲಿ ಇಲ್ಲದಿದ್ದರೆ ಅದು ನಿಮ್ಮಲ್ಲೇ ನಿಲ್ಲಲಿ. ಭದ್ರತೆಯದ್ದು ಬೇಗ, ಹೊಸ ಸೌಲಭ್ಯದ್ದು ನಿಧಾನ, ಫಾರ್ವರ್ಡ್‌ನಲ್ಲಿ ಬಂದದ್ದು ಎಂದಿಗೂ ಬೇಡ.